ಹಂಪಕ್ಕನ ಪಾಳಿ ಚೀಟಿ

ಹೊಸಪೇಟೆಯಲ್ಲಿ ಒಂದು ಕಾಲಕ್ಕೆ ಲಾರಿ ತಡವಾದರೆ ನನ್ನನ್ನು ಬೈಯುತ್ತಿದ್ದರು. ಲಾರಿ ನನ್ನದಲ್ಲ, ಅದಿರು ನನ್ನದಲ್ಲ, ಗುಂಡಿ ಬಿದ್ದ ಸಂಡೂರು ರಸ್ತೆಯೂ ನನ್ನದಲ್ಲ. ನನ್ನದು ಅಂತ ಇದ್ದದ್ದು ಒಂದು ಪ್ರೋಗ್ರಾಂ, ಅದೂ ಎರಡೇ ಕಂಪ್ಯೂಟರಿನಲ್ಲಿ ಓಡುವಂಥದ್ದು. ಆದರೂ 2006ರಲ್ಲಿ ನಾನು ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿಗೆ ಹೇಳಿ ಕುಳಿತರೆ ಪಕ್ಕದ ಬೆಂಚಿನಲ್ಲಿ ಯಾರಾದರೊಬ್ಬ ಡ್ರೈವರ್, "ಆ ಸಿದ್ದಲಿಂಗೇಶ ಅನ್ನಾವ ಕೈಗೆ ಸಿಗ್ಲಿ, ಅವನ ಕಂಪ್ಯೂಟರ್‌ನ ಕಾಲುವ್ಯಾಗ ಒಗೀತೀನಿ" ಎನ್ನುತ್ತಿದ್ದ. ನಾನು ತಲೆ ತಗ್ಗಿಸಿ ಮಿರ್ಚಿ ತಿನ್ನುತ್ತಿದ್ದೆ. ಆ ಸಿದ್ದಲಿಂಗೇಶ ನಾನೇ.

ಇದಕ್ಕೆಲ್ಲ ಕಾರಣ ಹಂಪಕ್ಕ. ಆಕೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕುಳಿತರೆ ಈಗಲೂ ಮೊದಲು ಸಿಟ್ಟೇ ಬರುತ್ತದೆ. ಸಿಟ್ಟನ್ನು ಮೊದಲೇ ಹೇಳಿ ಮುಗಿಸಿಬಿಟ್ಟರೆ ಮುಂದಿನದು ಸಲೀಸು.

ಕೊಟ್ರಯ್ಯನವರ ಲಾರಿ ಬುಕಿಂಗ್ ಆಫೀಸು ಸಂಡೂರು ರಸ್ತೆಯಲ್ಲಿ ಊರು ಮುಗಿಯುವಲ್ಲಿ ಇತ್ತು. ಗಣಿಗೆ ಅದಿರು ತುಂಬಲು ಹೋಗುವ ಲಾರಿಗಳ ಹೆಸರನ್ನು ಹಿಂದಿನ ದಿನ ಸಂಜೆಯೇ ಬರೆಸಬೇಕು. ಬರೆಸಿದ ಕ್ರಮದಲ್ಲಿ ಪಾಳಿ. ಬೆಳಿಗ್ಗೆ ಆರಕ್ಕೆ ಕಿಟಕಿ ತೆರೆದಾಗ ಡ್ರೈವರುಗಳು ಬಂದು ಪಾಳಿ ಚೀಟಿ ತೆಗೆದುಕೊಂಡು ಹೊರಡಬೇಕು. ಆರನೆಯವನು ಏಳನೆಯವನಿಗಿಂತ ಮೊದಲು ಹೋಗಬೇಕು, ಇಷ್ಟೇ ನಿಯಮ. ಆದರೆ ಆಗಿನ ಕಾಲ ಎಂಥದ್ದೆಂದರೆ, ಎತ್ತು ಇದ್ದವರು ಎತ್ತು ಮಾರಿ ಲಾರಿ ತಂದಿದ್ದರು, ಕಿರಾಣಿ ಅಂಗಡಿಯವರೂ ಲಾರಿ ತಂದಿದ್ದರು, ನಮ್ಮ ಹಲ್ಲಿನ ಡಾಕ್ಟರೂ ಒಂದು ಲಾರಿ ಇಟ್ಟಿದ್ದರು. ಎಲ್ಲರಿಗೂ ಎಲ್ಲರಿಗಿಂತ ಮೊದಲು ಹೋಗಬೇಕು. ಹೋಟೆಲಿನ ಬಿಳಿ ಇಡ್ಲಿ ಸಂಜೆಯ ಹೊತ್ತಿಗೆ ಧೂಳು ಕುಡಿದು ಕೆಂಪಗಾಗುತ್ತಿತ್ತು, ಅದನ್ನೂ ಯಾರೂ ನೋಡುವಷ್ಟು ಪುರಸೊತ್ತಿನಲ್ಲಿ ಇರಲಿಲ್ಲ.

ಆ ಕಿಟಕಿಯ ಒಳಗೆ ಕೂರುತ್ತಿದ್ದವಳು ಹಂಪಕ್ಕ. ಬಂಡ್ರಿಯ ಹೆಣ್ಣುಮಗಳು, ಓದಿದ್ದು ಏಳನೇ ಕ್ಲಾಸು. ಗಂಡ ಎರ್ರಿಯಪ್ಪ ಡ್ರೈವರ್ ಆಗಿದ್ದವನು ಕಾಲು ಮುರಿದುಕೊಂಡು ಮನೆ ಹಿಡಿದ ಮೇಲೆ ಕೊಟ್ರಯ್ಯನವರ ಆಫೀಸಿಗೆ ಕಸ ಗುಡಿಸಲು ಬಂದಳು. ಚೀಟಿ ಬರೆಯುವ ಗುಮಾಸ್ತ ಒಂದು ದಿನ ಬರಲಿಲ್ಲ. ಪೊರಕೆ ಮೂಲೆಗಿಟ್ಟು ಪೆನ್ನು ಹಿಡಿದಳು. ಮಾರನೆಯ ದಿನ ಗುಮಾಸ್ತ ಬಂದರೆ ಆತನಿಗೇ ಸರಿಯಾಗಿ ಕೂರಲು ಜಾಗವಿರಲಿಲ್ಲ. ಕಾಸಗಲ ಕುಂಕುಮ, ಲಾರಿಯ ಹಾರನ್ನಿಗೆ ಸಮನಾದ ಗಂಟಲು, ಮತ್ತು ಎದುರಿಗಿದ್ದವರ ಮುಖವನ್ನು ಎವೆಯಿಕ್ಕದೆ ನೋಡುವ ಅಭ್ಯಾಸ. ನನ್ನನ್ನು ಹಾಗೆ ನೋಡಿದಾಗಲೆಲ್ಲ ನಾನು ಏನೋ ಕದ್ದಿರಬೇಕು ಎಂದು ನನಗೇ ಅನುಮಾನ ಬರುತ್ತಿತ್ತು.

ಆಕೆ ಚೀಟಿ ಕೊಡಲು ಶುರುಮಾಡಿ ಎರಡು ವರ್ಷವಾದರೂ ಆ ಆಫೀಸಿನ ಒಂದು ಲಾರಿಯೂ ಪಲ್ಟಿಯಾಗಿರಲಿಲ್ಲ. ಬೇರೆ ಆಫೀಸುಗಳ ಲಾರಿಗಳು ವಾರಕ್ಕೊಂದರಂತೆ ರಸ್ತೆ ಬದಿಯಲ್ಲಿ ಅಂಗಾತ ಬಿದ್ದಿರುತ್ತಿದ್ದವು. ಡ್ರೈವರುಗಳು ತಮ್ಮತಮ್ಮಲ್ಲೇ ವಿಚಾರ ಮಾಡಿ, ಇದು ಹಂಪಕ್ಕನ ಕೈಗುಣ ಎಂದು ತೀರ್ಮಾನಿಸಿದರು. ಅಂದಿನಿಂದ ಆಕೆಯ ಚೀಟಿ ಇಲ್ಲದೆ ಯಾರೂ ಗಾಡಿ ಚಾಲೂ ಮಾಡುತ್ತಿರಲಿಲ್ಲ. ಚೀಟಿಯನ್ನು ಕಣ್ಣಿಗೊತ್ತಿಕೊಂಡು ಸ್ಟೇರಿಂಗ್ ಮೇಲಿನ ದೇವರ ಫೋಟೋಕ್ಕೆ ಸಿಕ್ಕಿಸುವವರನ್ನು ನಾನೇ ಕಂಡಿದ್ದೇನೆ.

ಇಂಥ ಜಾಗಕ್ಕೆ ನಾನು ನನ್ನ ಪ್ರೋಗ್ರಾಂ ತೆಗೆದುಕೊಂಡು ಹೋದೆ. ಯಾರು ತಮ್ಮ ಹೆಸರು, ಗುಟ್ಟಿನ ಸಂಖ್ಯೆ ಕೊಟ್ಟು ಒಳಗೆ ಬರುತ್ತಾರೋ ಅವರ ಹೆಸರು ಚೀಟಿಯ ಕೆಳಗೆ 'ಬರೆದವರು' ಎಂದು ತಾನಾಗಿ ಅಚ್ಚಾಗುವಂತೆ ಮಾಡಿದ್ದೆ. ಅದನ್ನು ದೊಡ್ಡ ಅನುಕೂಲ ಎಂದುಕೊಂಡಿದ್ದೆ. ಆಫೀಸಿಗೆ ಹೊಸದಾಗಿ ಬಂದ ತ್ರಿವೇಣಿ ಎಂಬ ಹುಡುಗಿ, ಬಿ.ಕಾಂ. ಪಾಸಾದವಳು, ಮೊದಲ ಚೀಟಿ ತೆಗೆದು ಕೊಟ್ಟಳು. ಡ್ರೈವರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ.

"ಇದ್ಯಾರು ತ್ರಿವೇಣಿ? ನನಗ ಹಂಪಕ್ಕನ ಚೀಟಿ ಬೇಕು."

"ಎರಡೂ ಒಂದಾ ಕಂಪ್ಯೂಟರ್‌ನಾಗ ಬರ್ತಾವಣ್ಣ."

"ಬರ್ಲಿ ಬಿಡವ್ವ. ಇಳಿಜಾರಿನ್ಯಾಗ ಬ್ರೇಕ್ ಹತ್ತಲಿಲ್ಲಂದ್ರ ನಿನ್ನ ಬಿ.ಕಾಂ. ಬಂದು ಹಿಡೀತೈತೇನು?"

ತ್ರಿವೇಣಿ ಆ ದಿನ ಊಟ ಮಾಡಲಿಲ್ಲ. ಮರುದಿನದಿಂದ ಆಕೆಯೂ, ಇನ್ನೊಬ್ಬ ಗುಮಾಸ್ತ ಮಲ್ಲಿಕಾರ್ಜುನನೂ ಹಂಪಕ್ಕನ ಹೆಸರಿನಲ್ಲೇ ಒಳಗೆ ಹೋಗಿ ಕೆಲಸ ಮಾಡತೊಡಗಿದರು. ಅದಕ್ಕೇನೂ ಕಷ್ಟವಿರಲಿಲ್ಲ. ಗುಟ್ಟಾಗಿಡಿ ಎಂದು ನಾನು ಕಿವಿಯಲ್ಲಿ ಹೇಳಿದ್ದ ಸಂಖ್ಯೆಯನ್ನು ಹಂಪಕ್ಕ ಕ್ಯಾಲೆಂಡರಿನ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದಳು. ಕೇಳಿದರೆ, "ಗುಟ್ಟು ಮಾಡಿ ನಾಳೆ ಮರತ್ರ ಎಲ್ಲಿ ಹುಡುಕ್ಲಿ ತಮ್ಮಾ?" ಎಂದಳು. ಮೂರು ಜನ ಒಂದೇ ಹೆಸರಿನಲ್ಲಿ ನಡೆಸುತ್ತಿದ್ದ ಈ ಸಂಸಾರ ನನಗಾಗಲಿ ಕೊಟ್ರಯ್ಯನವರಿಗಾಗಲಿ ಗೊತ್ತಿರಲಿಲ್ಲ. ಗೋಡೆ ನೋಡಿದ ದಿನವೇ ನನಗೆ ಹೊಳೆಯಬೇಕಿತ್ತು.

ನಾಲ್ಕೈದು ತಿಂಗಳಿಗೆ ಬೈಗುಳ ಶುರುವಾಯಿತು. ಸಂಜೆ ಬೋರ್ಡಿನ ಮೇಲೆ ಆರನೇ ಪಾಳಿ ಎಂದು ನೋಡಿ ಹೋದವನಿಗೆ ಬೆಳಿಗ್ಗೆ ಮೂವತ್ತೊಂದನೇ ಪಾಳಿಯ ಚೀಟಿ ಬರುತ್ತಿತ್ತು. ಯಾಕೆಂದು ಕೇಳಿದರೆ ಕಂಪ್ಯೂಟರ್ ಕೆಟ್ಟಿದೆ ಎಂಬ ಉತ್ತರ ಕಿಟಕಿಯೊಳಗಿಂದ ಬರುತ್ತಿತ್ತಂತೆ. ಈ 'ಅಂತೆ' ನನ್ನ ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತಿತ್ತು. ಕಂಪ್ಯೂಟರ್ ಕೆಡಬಹುದು, ಆದರೆ ಕೆಟ್ಟ ಕಂಪ್ಯೂಟರ್ ಅಚ್ಚುಕಟ್ಟಾಗಿ ಆರನ್ನು ಅಳಿಸಿ ಮೂವತ್ತೊಂದು ಬರೆಯುವುದಿಲ್ಲ.

ಕೊನೆಗೆ ರೇವಣಸಿದ್ದ ಎಂಬ ಲಾರಿ ಮಾಲೀಕರು ನನ್ನ ಅಂಗಡಿಗೇ ಬಂದರು. ಕಂಪ್ಲಿಯ ಕಡೆಯವರು, ಅಕ್ಕಿ ಗಿರಣಿಯೂ ಉಂಟು, ನಾಲ್ಕು ಲಾರಿಯೂ ಉಂಟು. ಗಿರಣಿಯ ಸದ್ದಿನಲ್ಲಿ ಬೆಳೆದವರಾದ್ದರಿಂದ ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಿರಲಿಲ್ಲ.

"ನನ್ನ ಡ್ರೈವರ್ ಗಾಳೆಪ್ಪಂದು ವಾರದಾಗ ಎರಡ ಸಲ ಪಾಳಿ ಹಿಂದ ಹೋಗೈತಿ. ನಿನ್ನ ಮಿಷಿನ್‌ಗೆ ನನ್ನ ಲಾರಿ ಮ್ಯಾಲೆ ಹೊಟ್ಟೆಕಿಚ್ಚೇನಲೇ?" ಎಂದು ಕೂಗಿದರು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಅವರು ಹೋದ ಮೇಲೆ ಕೊಟ್ರಯ್ಯನವರ ಫೋನು ಬಂತು. ಹದಿನೈದು ದಿನದಲ್ಲಿ ಸರಿ ಮಾಡದಿದ್ದರೆ ಬಳ್ಳಾರಿಯವರಿಂದ ಬೇರೆ ಪ್ರೋಗ್ರಾಂ ತರಿಸುತ್ತೇನೆ ಎಂದರು.

ನಾನು ಸರಿ ಮಾಡಲು ಹೋಗಲಿಲ್ಲ, ಹಿಡಿಯಲು ಹೋದೆ. ಅಲ್ಲಿಯವರೆಗೆ ಆರನ್ನು ತಿದ್ದಿ ಮೂವತ್ತೊಂದು ಮಾಡಿದರೆ ಆ ಆರು ಅಲ್ಲಿಗೇ ಇಲ್ಲವಾಗುತ್ತಿತ್ತು. ಈಗ ಹಿಂದೆ ಇನ್ನೊಂದು ಪಟ್ಟಿ ಇಟ್ಟೆ. ಯಾವ ದಾಖಲೆಯನ್ನು ಯಾರು ಮುಟ್ಟಿದರೂ ಮೊದಲು ಏನಿತ್ತು, ಆಮೇಲೆ ಏನಾಯಿತು, ಯಾರ ಹೆಸರಿನಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಎಂಬುದು ಆ ಪಟ್ಟಿಗೆ ಸದ್ದಿಲ್ಲದೆ ಹೋಗಿ ಕೂರುತ್ತಿತ್ತು. ಇದನ್ನು ಕೊಟ್ರಯ್ಯನವರಿಗೆ ಮಾತ್ರ ಹೇಳಿದ್ದೆ. ಆ ಹದಿನೈದು ದಿನ ನಾನು ಹೋಟೆಲಿನಲ್ಲಿ ತಲೆ ಎತ್ತಿಯೇ ಮಿರ್ಚಿ ತಿಂದೆ.

ಹದಿನಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರೆದುರು ಪಟ್ಟಿಯನ್ನು ಪ್ರಿಂಟ್ ಹಾಕಿದೆ. ಹಳೆಯ ಪ್ರಿಂಟರು ಕಿರಗುಟ್ಟುತ್ತಾ ಕಾಗದ ಉಗುಳತೊಡಗಿತು. ಕಾಗದ ಮೇಜಿನಿಂದ ನೆಲಕ್ಕೆ ಇಳಿಯಿತು, ನೆಲದಿಂದ ಕೊಟ್ರಯ್ಯನವರ ಚಪ್ಪಲಿ ದಾಟಿ ಬಾಗಿಲವರೆಗೆ ಹೋಯಿತು. ಒಟ್ಟು ನಾನೂರ ಹನ್ನೆರಡು ತಿದ್ದುಪಡಿ. ಒಬ್ಬ ಡ್ರೈವರನ ಹೆಸರು ಒಂದೇ ದಿನ ನಾಲ್ಕು ಸಲ ಬದಲಾಗಿ ಕೊನೆಗೆ ಮೊದಲಿನದಕ್ಕೇ ಬಂದು ನಿಂತಿತ್ತು. ಯಾರೋ ಒಬ್ಬರ ಮಾವನ ಲಾರಿ ದಿನ ಬಿಟ್ಟು ದಿನ ಎರಡೆರಡು ಪಾಳಿ ಮುಂದೆ ಬಂದಿತ್ತು. ಒಂದು ಲಾರಿಗೆ ಡ್ರೈವರ್ ಎಂದು ಸಾಕ್ಷಾತ್ ಕೊಟ್ರಯ್ಯನವರ ಹೆಸರೇ ಇತ್ತು. ಮತ್ತು ನಾನೂರ ಹನ್ನೆರಡು ಸಾಲಿನ ಕೊನೆಯಲ್ಲೂ ಒಂದೇ ಹೆಸರು, ಹಂಪಕ್ಕ.

"ನೋಡ್ರಿ, ನನ್ನ ಪ್ರೋಗ್ರಾಂ ತಾನಾಗೇ ಒಂದು ಅಂಕಿನೂ ಮುಟ್ಟಿಲ್ಲ" ಎಂದೆ. ನನಗೆ ಆಗ ಕಂಡಿದ್ದು ಅಷ್ಟೇ.

ಕೊಟ್ರಯ್ಯನವರು ಕಾಗದದ ಒಂದು ತುದಿ ಹಿಡಿದು, "ಹಂಪಕ್ಕಾ, ಇದೆಲ್ಲಾ ನೀನಾ ಮಾಡೀಯೇನವ್ವಾ?" ಎಂದರು.

ತ್ರಿವೇಣಿ ಏನೋ ಹೇಳಲು ಬಾಯಿ ತೆರೆದಳು. ಮಲ್ಲಿಕಾರ್ಜುನ ಫ್ಯಾನ್ ನೋಡುತ್ತಿದ್ದ. ಹಂಪಕ್ಕ ತ್ರಿವೇಣಿಯ ಕಡೆ ಒಂದು ಸಲ ತಿರುಗಿ ನೋಡಿದಳು, ಹುಡುಗಿಯ ಬಾಯಿ ಮುಚ್ಚಿತು. ಕಿಟಕಿಯ ಹೊರಗೆ ಇಪ್ಪತ್ತು ಮೂವತ್ತು ಡ್ರೈವರುಗಳು ಕಿವಿಯಾಗಿ ನಿಂತಿದ್ದರು.

"ಹೆಸರು ನಂದಾ ಐತಲ್ಲರೀ, ಮತ್ಯಾಕ ಕೇಳ್ತೀರಿ?" ಎಂದಳು ಹಂಪಕ್ಕ.

"ಹಂಗಾದ್ರ ನಾ ಹೇಳಿ ಕಳಸೋತನಕ ಮನ್ಯಾಗಿರು."

ಆಕೆ ಬುತ್ತಿ ಡಬ್ಬಿ ತೆಗೆದುಕೊಂಡು ಹೊರಟಳು. ಕಾಗದ ತುಳಿಯಬಾರದೆಂದು ಸೀರೆ ಎತ್ತಿ ದಾಟಿ ಹೋದಳು. ಎರಡು ಮಕ್ಕಳ ಫೀಸು, ಮನೆಯ ಕೂಳು ಎಲ್ಲ ಆ ಕಿಟಕಿಯಿಂದಲೇ ನಡೆಯುತ್ತಿತ್ತು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ನಾನು ಆ ಹೊತ್ತು ಖುಷಿಯಾಗಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮಾರನೆಯ ದಿನದಿಂದ ಹಂಪಕ್ಕನ ಹೆಸರು ಮುಚ್ಚಿ, ಅವರವರ ಹೆಸರಿನಲ್ಲಿ ಅವರವರು ಎಂದು ಕಟ್ಟು ಮಾಡಿದೆವು. ಬೆಳಿಗ್ಗೆ ಏಳರ ಹೊತ್ತಿಗೆ ಎಂಬತ್ತು ಲಾರಿ ರಸ್ತೆಯಲ್ಲಿ ನಿಂತವು. 'ಬರೆದವರು: ಮಲ್ಲಿಕಾರ್ಜುನ' ಎಂಬ ಚೀಟಿಯನ್ನು ಒಬ್ಬ ಡ್ರೈವರ್ ಎರಡು ಬೆರಳಲ್ಲಿ ಹಿಡಿದು, "ಇದನ್ನ ಇಟ್ಕೊಂಡು ನಾ ಮನೀಗೂ ನೆಟ್ಟಗ ಹೋಗಲ್ಲ" ಎಂದ. ಬಸ್ಸುಗಳು ಸಿಕ್ಕಿಕೊಂಡವು, ಪೊಲೀಸರು ಬಂದರು. ಕೊಟ್ರಯ್ಯನವರು ನನ್ನನ್ನು ಮೂಲೆಗೆ ಕರೆದು, ಒಳಗಿನ ಪಟ್ಟಿಯಲ್ಲಿ ನಿಜವಾದ ಹೆಸರು ಇರಲಿ, ಚೀಟಿಯ ಮೇಲೆ ಮಾತ್ರ ಹಂಪಕ್ಕ ಎಂದೇ ಬರಲಿ ಎಂದರು. ಹತ್ತು ನಿಮಿಷದ ಕೆಲಸ. ಹಂಪಕ್ಕನನ್ನು ವಾಪಸು ಕರೆಸಿದ್ದೇವೆ, ಹಿಂದೆ ಕೂತು ಬರೆಯುತ್ತಿದ್ದಾಳೆ ಎಂದು ಹೇಳಿ ಕಿಟಕಿಗೆ ಒಂದು ಪರದೆಯನ್ನೂ ಕಟ್ಟಿದರು. ಡ್ರೈವರುಗಳು ಚೀಟಿ ಕಣ್ಣಿಗೊತ್ತಿಕೊಂಡು ಹೊರಟರು.

ಆರು ದಿನ ಎಲ್ಲವೂ ಸರಿಯಾಗಿತ್ತು. ಆರನೆಯವನಿಗೆ ಆರು, ಏಳನೆಯವನಿಗೆ ಏಳು. ತಿದ್ದುಪಡಿ ಪಟ್ಟಿ ಅರ್ಧ ಹಾಳೆಗೆ ಇಳಿದಿತ್ತು. ಅದನ್ನು ನಾನು ಅಂಗಡಿಯಲ್ಲಿ ಗೋಡೆಗೆ ಅಂಟಿಸಿದೆ.

ಏಳನೆಯ ದಿನ ಬೆಳಿಗ್ಗೆ ಎಂಟಕ್ಕೆ ರೇವಣಸಿದ್ದನವರ ಲಾರಿ ಸಂಡೂರಿನ ಈಚೆ ರಸ್ತೆ ಬಿಟ್ಟು, ಮಣ್ಣಿನ ದಿಬ್ಬ ಹತ್ತಿ ಮಗ್ಗುಲಾಯಿತು. ಗಾಳೆಪ್ಪನ ಭುಜದ ಎಲುಬು ಮುರಿಯಿತು. ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲವಂತೆ, ಟ್ರಿಪ್ಪಿನ ಮೇಲೆ ಟ್ರಿಪ್ಪು. ಆಸ್ಪತ್ರೆಯಲ್ಲಿ, "ರಸ್ತೆ ನೆಟ್ಟಗ ಐತಿ ಅಂತ ಅಂದ್ಕೊಂಡೆ, ಅಷ್ಟ ಗೊತ್ತು" ಎಂದನಂತೆ. ಅವನ ಪಾಳಿ ಅಂದು ಎರಡನೆಯದು.

ನಾನು ಅಂಗಡಿಗೆ ಬಂದು ಷಟರ್ ಅರ್ಧ ಎಳೆದು ಹಳೆಯ ಪಟ್ಟಿ ತೆಗೆದೆ. ನಾನೂರ ಹನ್ನೆರಡು ಸಾಲಿನಲ್ಲಿ ಹೆಸರು ಕಾಲಂ ಒಂದನ್ನು ಬಿಟ್ಟು ಮಿಕ್ಕಿದ್ದನ್ನು ನಾನು ಓದಿರಲೇ ಇಲ್ಲ. ಹಂಪಕ್ಕ ತಂಗಿಯ ಬಸುರಿ ಮಗಳ ಕುಬುಸಕ್ಕೆಂದು ಚೋರನೂರಿಗೆ ಹೋಗಿದ್ದ ದಿನದಲ್ಲೂ ಆಕೆಯ ಹೆಸರಿನಲ್ಲಿ ಇಪ್ಪತ್ತೊಂಬತ್ತು ತಿದ್ದುಪಡಿ ಇದ್ದವು. ರಜೆ ಕೊಟ್ಟ ಕೊಟ್ರಯ್ಯನವರಿಗೂ ಅದು ನೆನಪಾಗಿರಲಿಲ್ಲ. ಹಂಪಕ್ಕ ಇದ್ದ ದಿನ ಮಲ್ಲಿಕಾರ್ಜುನನೂ ತ್ರಿವೇಣಿಯೂ ಕೆಲಸಕ್ಕೆ ಬರುತ್ತಿದ್ದುದು ಒಂಬತ್ತಕ್ಕೆ. ಅಂಥ ದಿನಗಳಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರ ಒಳಗೆ ಆದದ್ದನ್ನು ಮಾತ್ರ ಬೇರೆ ಮಾಡಿದೆ. ಮೂವತ್ತೇಳು ಸಾಲು ಉಳಿದವು. ಮೂವತ್ತೇಳರಲ್ಲಿ ಒಂದೂ ಹೆಸರಿನ ತಿದ್ದುಪಡಿಯಲ್ಲ, ಎಲ್ಲವೂ ಪಾಳಿಯದು. ಒಂದು ಲಾರಿಯೂ ಮುಂದೆ ಬಂದಿರಲಿಲ್ಲ. ಎಲ್ಲವೂ ಹಿಂದೆ ಹೋದವು, ಅದೂ ಇಪ್ಪತ್ತೈದು ಮೂವತ್ತು ಪಾಳಿ ಹಿಂದೆ, ಅಂದರೆ ಮೂರು ಮೂರೂವರೆ ತಾಸು. ಗಾಳೆಪ್ಪನ ಹೆಸರು ಐದು ಸಲ ಇತ್ತು.

ಆ ಹಾಳೆ ಹಿಡಿದುಕೊಂಡು ಹಂಪಕ್ಕನ ಮನೆಗೆ ಹೋದೆ. ಕಟ್ಟೆಯ ಮೇಲೆ ಎರ್ರಿಯಪ್ಪ ಗೊರಕೆ ಹೊಡೆಯುತ್ತಿದ್ದ. ಆಕೆ ಅಕ್ಕಿ ಆರಿಸುತ್ತಿದ್ದಳು.

"ಬಾ ತಮ್ಮಾ, ಕುಂದ್ರು. ಗಾಳೆಪ್ಪ ಹ್ಯಾಂಗದಾನ?"

"ಅದಾನ. ಎಲುಬು ಕೂಡ್ತೈತಂತ." ಹಾಳೆ ಮುಂದಿಟ್ಟೆ. "ಇವು ಮೂವತ್ತೇಳು ನೀನಾ ಮಾಡಿದ್ದು. ಉಳಿದವು ನಿನ್ನವಲ್ಲ. ಹೌದಲ್ಲ?"

ಆಕೆ ಹಾಳೆ ನೋಡಲೇ ಇಲ್ಲ. "ಕಿಟಕಿಗೆ ಬಂದವನ ಕಣ್ಣು ನೋಡ್ತೀನಿ. ಕೆಂಪಗಿದ್ರ ಲಾರಿ ನಂಬರ್ ಕೇಳ್ತೀನಿ. ತನ್ನ ಲಾರಿ ನಂಬರ್ ಹೇಳಾಕ ತಡವರಿಸಿದ್ರ ಅಂವ ನಿದ್ದಿಗೆಟ್ಟಾನ ಅಂತ ಲೆಕ್ಕ. ಪಾಳಿ ಹಿಂದ ಹಾಕ್ತೀನಿ."

"ನೆಟ್ಟಗ ಹೇಳಬೇಕಿತ್ತು, ಹೋಗಿ ಮಕ್ಕೋ ಅಂತ."

"ಹೇಳಿದ್ರ ಕೇಳ್ತಾರೇನು? ಗಂಡಸ್ರಿಗೆ ನಿದ್ದಿ ಬಂದೈತಿ ಅಂದ್ರ ಜಗಳಕ್ಕ ಬರ್ತಾರ. ಮಾಲೀಕ್ರಿಗೆ ಗೊತ್ತಾದ್ರ ಬ್ಯಾರೆ ಡ್ರೈವರ್‌ನ ಹಾಕ್ತಾರ. ಅದಕ್ಕ ಕಂಪ್ಯೂಟರ್ ಕೆಟ್ಟೈತಿ ಅಂತೀನಿ. ಯಾರು ಮಾಡಿದ್ದು ಅಂತ ಕೇಳಿದ್ರ ನಿನ್ನ ಹೆಸರು ಹೇಳ್ತೀನಿ."

"ನನ್ನ ಹೆಸರಾ!"

"ಹ್ಞೂಂ. ನಿನಗ ಒಂದೀಟು ಬೈತಾರ. ಬೈದು ಬೈದು ಹೊಟ್ಟಿ ತಣ್ಣಗಾಗಿ ಲಾರ್‍ಯಾಗ ಮಕ್ಕಂತಾರ. ಮೂರು ತಾಸು ಗಡದ್ದಾಗಿ ನಿದ್ದಿ ಹೊಡದು ಎದ್ದು ಹೋಗ್ತಾರ."

ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಆಕೆ ಕಟ್ಟೆಯ ಕಡೆ ಕೈ ಮಾಡಿ ತೋರಿಸಿದಳು. "ಈತನೂ ಹಿಂಗಾ. ನಿದ್ದಿ ಬಂದಿಲ್ಲ ಅಂದ, ಹೋದ. ಕಂಪ್ಲಿ ಹತ್ರ ಲಾರಿ ಕಬ್ಬಿನ ಹೊಲದಾಗ ಹೊಕ್ಕು ನಿಂತ್ರೂ ಎಚ್ಚರಿಲ್ಲ. ಹೊಲದಾಕಿ ಬಂದು ಬೈದ ಮ್ಯಾಲೆ ಕಣ್ಣು ಬಿಟ್ಟು ನೋಡ್ಕೊಂಡಾನ, ಕಾಲು ಮುರದು ಬ್ಯಾರೆ ಕಡಿಗೆ ತಿರುಗೈತಿ. ಈಗ ನೋಡು, ಎಷ್ಟು ಬೇಕಾದ್ರೂ ನಿದ್ದಿ ಐತಿ."

"ಅವತ್ತು ಎಲ್ಲಾರ ಮುಂದ ಯಾಕ ಹೇಳಲಿಲ್ಲ?"

"ಚೀಟಿ ಎಲ್ಲಾ ನಾ ಬರದಿದ್ದಲ್ಲ ಅಂತ ಗೊತ್ತಾದ್ರ ಆ ಹುಡುಗ್ರು ಅಂಜಿಕೊಂಡು ಗಾಡಿ ಹೊಡೀತಾರ. ಅಂಜಿಕೊಂಡು ಹೊಡೀಬಾರದು ತಮ್ಮಾ" ಎಂದು ಮೊರದ ಅಕ್ಕಿಯಲ್ಲಿದ್ದ ಒಂದು ಕಲ್ಲನ್ನು ಎತ್ತಿ ಬಿಸಾಡಿದಳು.

ಎರಡು ವರ್ಷದ ಕೈಗುಣ ಎಂದರೆ ಈ ಮೂವತ್ತೇಳು ಸಾಲಿನಂಥ ತಿದ್ದುಪಡಿಗಳೇ. ಅದನ್ನು ಕಣ್ಣಾರೆ ಓದಿದ ಮೊದಲಿಗ ನಾನು, ಹಿಡಿದುಕೊಟ್ಟವನೂ ನಾನೇ. ಅವತ್ತಿನ ಮಟ್ಟಿಗೆ ಆ ಡ್ರೈವರುಗಳ ಬೈಗುಳವೆಲ್ಲ ನನಗೆ ಸಲ್ಲಬೇಕಾದ್ದೇ ಎನ್ನಿಸಿತು.

ಕೊಟ್ರಯ್ಯನವರಿಗೆ ಹೋಗಿ ಎಲ್ಲ ಹೇಳಿದೆ. ಹಾಳೆಯನ್ನು ಎರಡು ಸಲ ಓದಿದರು. "ಆಕಿ ಬರಲಿ. ಆದ್ರ ಪಾಳಿ ಅನ್ನೋದು ಲಾರಿಯವನ ಹಕ್ಕು. ಕದ್ದು ತಿದ್ದೋದು ಬ್ಯಾಡ. ತಿದ್ದಿದ್ರ ಯಾಕಂತ ಬರೀಬೇಕು, ಮಾಲೀಕ ಬಂದು ಕೇಳಿದ್ರ ತೋರಿಸಬೇಕು. ಅದನ್ನ ನೋಡಿ ಒಬ್ಬ ಮಾಲೀಕ ಒಪ್ಪಲಿಲ್ಲಂದ್ರೂ ನಾ ಹಂಪಕ್ಕನ್ನ ಇಟ್ಕೊಳಾಕ ಆಗಲ್ಲ" ಎಂದರು. ಅವರು ಹೇಳಿದ್ದು ನ್ಯಾಯವೇ. ನಾನು ತಿದ್ದುಪಡಿ ಪಟ್ಟಿಗೆ 'ಕಾರಣ' ಎಂಬ ಒಂದು ಕಾಲಂ ಸೇರಿಸಿದೆ. ಕಾರಣ ಬರೆಯದೆ ತಿದ್ದಿದರೆ ಕಂಪ್ಯೂಟರ್ ಒಪ್ಪುವುದಿಲ್ಲ.

ಹಂಪಕ್ಕ ಬಂದು ಪರದೆ ಕಿತ್ತು ಮಡಚಿಟ್ಟಳು. ಹೊರಗೆ ಡ್ರೈವರುಗಳು ಸೀಟಿ ಹೊಡೆದರು. ಮೊದಲ ಮೂವರು ನೆಟ್ಟಗೆ ಚೀಟಿ ತೆಗೆದುಕೊಂಡು ಹೋದರು. ನಾಲ್ಕನೆಯವನು ರೇವಣಸಿದ್ದನವರ ಇನ್ನೊಂದು ಲಾರಿಯ ಡ್ರೈವರ್. ಮಾಲೀಕರೂ ಬಂದು ಪಕ್ಕದಲ್ಲೇ ಕೈ ಕಟ್ಟಿ ನಿಂತಿದ್ದರು. ಒಂದು ಲಾರಿ ಮಲಗಿದೆ, ಇದಾದರೂ ಬೇಗ ಹೋಗಲಿ ಎಂಬ ಆತುರ ಅವರ ಮುಖದ ಮೇಲೇ ಇತ್ತು. ಹಂಪಕ್ಕ ಡ್ರೈವರನನ್ನು ನೋಡಿದಳು.

"ಲಾರಿ ನಂಬರ್ ಹೇಳು."

ಅವನು ಮೊದಲೆರಡು ಅಂಕಿ ಹೇಳಿ, ಉಳಿದದ್ದಕ್ಕೆ ತನ್ನ ಲಾರಿಯ ಕಡೆ ತಿರುಗಿ ನೋಡಿದ.

ಹಂಪಕ್ಕ ನಾಲ್ಕನ್ನು ಅಳಿಸಿ ಮೂವತ್ತು ಹಾಕಿದಳು. ರೇವಣಸಿದ್ದನವರು ಎರಡು ಹೆಜ್ಜೆ ಮುಂದೆ ಬಂದರು. ಇವರು ಒಂದು ಸಲ ಕೂಗಿದರೆ ಆಕೆಯ ಕಿಟಕಿ ಅಲ್ಲಿಗೆ ಮುಗಿಯಿತು.

"ಯಾಕಂತ?" ಎಂದರು ರೇವಣಸಿದ್ದ.

"ನನಗೇನೂ ನಿದ್ದಿ ಬಂದಿಲ್ಲರೀ" ಎಂದ ಡ್ರೈವರ್, ಯಾರೂ ಕೇಳದೆಯೇ.

"ಬರೀತೀನಿ ತಡೀರಿ, ಓದ್ರಿ" ಎಂದಳು ಹಂಪಕ್ಕ.

ಆಕೆ ಒಂದೇ ಬೆರಳಿನಲ್ಲಿ ಒತ್ತುವವಳು. ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದ ಕೀಬೋರ್ಡಿನ ಮೇಲೆ 'ನಿ' ಹುಡುಕಲು ಒಂದಷ್ಟು ಹೊತ್ತು ಹಿಡಿಯಿತು. 'ದ' ಒತ್ತಿ, ಒತ್ತಕ್ಷರಕ್ಕಾಗಿ ಹುಡುಕಿದಳು. ತಪ್ಪಾಯಿತು, ಅಳಿಸಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ರೇವಣಸಿದ್ದನವರು ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ ಒಂದೊಂದಾಗಿ ಮೂಡುವುದನ್ನು ಕುತ್ತಿಗೆ ಚಾಚಿ ನೋಡುತ್ತಿದ್ದರು. ಅಷ್ಟರಲ್ಲಿ ಅವರ ತೋಳಿಗೆ ಏನೋ ಭಾರ ಬಿತ್ತು. ತಿರುಗಿ ನೋಡಿದರೆ ಡ್ರೈವರನ ತಲೆ. ಕಿಟಕಿಯ ಸರಳು ಹಿಡಿದುಕೊಂಡು, ನಿಂತಲ್ಲೇ, ಬಾಯಿ ಅರ್ಧ ತೆರೆದು ಗೊರಕೆ ಹೊಡೆಯುತ್ತಿದ್ದ.

ಸಾಲಿನಲ್ಲಿದ್ದವರು ನಗಲು ಶುರುಮಾಡಿದರು. ರೇವಣಸಿದ್ದನವರು ನಗಲಿಲ್ಲ. ಆ ಹುಡುಗನ ತಲೆ ತೋಳಿನಿಂದ ಜಾರದ ಹಾಗೆ ಮೆಲ್ಲಗೆ ಭುಜ ಕೊಟ್ಟರು. ಗಾಳೆಪ್ಪನಿದ್ದ ಆಸ್ಪತ್ರೆಯಿಂದ ನೆಟ್ಟಗೆ ಬಂದವರು ಅವರು, ಅಂಗಿಯ ಜೇಬಿನಲ್ಲಿ ಔಷಧದ ಚೀಟಿ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡಿ ಗೊತ್ತಿಲ್ಲದವರು ಅವತ್ತು ಪಿಸುಗುಟ್ಟಿದರು.

"ಹಂಪಕ್ಕಾ, ಸಾವಕಾಶ ಒತ್ತವ್ವಾ. ಎಚ್ಚರಾದಾನು."